ಬಂದ್ರ ನಮ್ಮಲ್ಲೇ ಇಳೀರಿ

ಮೊನ್ನೆ ಹಳೆಯ ಟ್ರಂಕನ್ನು ಬಿಸಿಲಿಗೆ ಇಟ್ಟಾಗ ಅದರ ತಳದಲ್ಲಿ ಒಂದು ಕೀಲಿಕೈ ಸಿಕ್ಕಿತು. ಗೇಣಿಗೆ ಎರಡು ಬೆರಳು ಕಡಿಮೆ ಉದ್ದ, ಎತ್ತಿದರೆ ಕೈ ಜಗ್ಗುವಷ್ಟು ಭಾರ. ಸೊಸೆ ಅದನ್ನು ಮನೆಯಲ್ಲಿದ್ದ ಎಲ್ಲ ಕೀಲಿಗಳಿಗೂ ಹಾಕಿ ನೋಡಿದಳು. ಯಾವುದಕ್ಕೂ ಹೊಂದದಿದ್ದಾಗ ತಂದು ನನ್ನ ಮುಂದೆ ಹಿಡಿದಳು.

"ಇದು ಯಾವ ಮನೀದು ಮಾಮಾ?"

"ಬೀದರದಾಗಿನ ನಮ್ಮ ಮನೀದು" ಎಂದೆ.

"ಬೀದರದಾಗ ನಮ್ಮ ಮನಿ ಯಾವಾಗಿತ್ತು?"

"ಏಳು ದಿನ ಇತ್ತು."

ಸೊಸೆ ಒಂದು ಸಲ ನನ್ನ ಮುಖ ನೋಡಿ, ಚಹಾ ಮಾಡಲು ಒಳಗೆ ಹೋದಳು. ವಯಸ್ಸಾದವರು ಇಂಥ ಮಾತಾಡಿದರೆ ನಮ್ಮ ಮನೆಯಲ್ಲಿ ಯಾರೂ ವಾದ ಮಾಡುವುದಿಲ್ಲ, ಚಹಾ ಕೊಟ್ಟು ಸುಮ್ಮನಾಗಿಸುತ್ತಾರೆ. ಆದರೆ ನಾನು ಹೇಳಿದ್ದು ಖರೆ. ಆ ಏಳು ದಿನಗಳಲ್ಲಿ ಈ ಕೀಲಿಕೈಯನ್ನು ನಾನು ಒಂದು ಸಲವೂ ತಿರುವಲಿಲ್ಲ ಎನ್ನುವುದೂ ಖರೆ. ಮನೆ ಖಾಲಿಯಾದರೆ ತಾನೇ ಕೀಲಿ ಹಾಕುವುದು!

ಈಗಿನ ಹುಡುಗರು ಪ್ರವಾಸಕ್ಕೆ ಹೊರಟರೆ ದೊಡ್ಡ ಚರ್ಚೆ ನಡೆಸುತ್ತಾರೆ. ಹತ್ತು ಜನ ಮಲಗುವ ಹಾಸ್ಟೆಲಿನಲ್ಲಿ ಇಳಿದರೆ ನಾಲ್ಕು ಮಂದಿಯ ಪರಿಚಯವಾಗುತ್ತದೆ, ಬೇರೆ ಮನೆ ಹಿಡಿದರೆ ನೆಮ್ಮದಿ ಇರುತ್ತದೆ, ಯಾವುದು ಛಲೋ ಎಂದು. ನನ್ನನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೂ ಹೇಳಬಲ್ಲೆ, ಏಕೆಂದರೆ ಈ ವಿಷಯದಲ್ಲಿ ನಾನು ಎರಡೂ ಕಡೆ ಮುಗ್ಗರಿಸಿದವನು.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಧರ್ಮಶಾಲೆಯ ಮನುಷ್ಯ. ಔರಾದಿನ ನಮ್ಮ ಮನೆಯಲ್ಲಿ ಇಪ್ಪತ್ತಾರು ಮಂದಿ, ಲೆಕ್ಕಕ್ಕೆ ಸಿಗದ ಮಕ್ಕಳು, ಹಿಂದಿನ ಹಟ್ಟಿಯಲ್ಲಿ ಕುರಿಗಳು. ಪಕ್ಕದಲ್ಲಿ ಯಾರಾದರೂ ಗೊರಕೆ ಹೊಡೆಯದಿದ್ದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಬೀದರಿಗೆ ಕೆಲಸದ ಮೇಲೆ ಹೋದಾಗಲೆಲ್ಲ ಸ್ಟೇಷನ್ ಹತ್ತಿರದ ಧರ್ಮಶಾಲೆಯಲ್ಲೇ ಇಳಿಯುತ್ತಿದ್ದೆ. ಉದ್ದನೆಯ ಪಡಸಾಲೆ. ಎರಡು ಕಂಬಗಳ ನಡುವಿನ ಒಂದು ಅಂಕಣ ಒಂದು ಸಂಸಾರಕ್ಕೆ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಅವರವರ ಒಲೆ. ಮೂರು ದಿನ ಇರಬಹುದು, ನಾಲ್ಕನೆಯ ದಿನ ಬುತ್ತಿ ಕಟ್ಟಬೇಕು. ಕಾಲಿಟ್ಟ ಕೂಡಲೇ "ಯಾವೂರಾಯ್ತ್ರಿ?" ಎನ್ನುತ್ತಿದ್ದರು. ಊರು ಹೇಳಿದರೆ ಆ ಊರಿನಲ್ಲಿ ಅವರ ಅತ್ತೆಯ ತಂಗಿಯ ಮನೆ ಇದ್ದೇ ಇರುತ್ತಿತ್ತು. ಒಬ್ಬರ ಒಲೆಯಿಂದ ಶೇಂಗಾ ಹಿಂಡಿ, ಇನ್ನೊಬ್ಬರ ಬುಟ್ಟಿಯಿಂದ ಖಡಕ್ ರೊಟ್ಟಿ. ಒಂದು ಸಲ ನಾನು ಹೋದ ಕೆಲಸವನ್ನೇ ಮರೆತು, ಮೂರು ದಿನ ಹರಟೆ ಹೊಡೆದು, ಊರಿಗೆ ಬಂದ ಮೇಲೆ ಅಪ್ಪ ಕೇಳಿದಾಗ ಹಣೆ ಬಡಿದುಕೊಂಡದ್ದುಂಟು.

ಇಂಥವನಿಗೆ ಮದುವೆಯಾದದ್ದೂ ಜನಜಂಗುಳಿಯಲ್ಲೇ. ರಜಾಕಾರರ ಹಾವಳಿ ಹೆಚ್ಚಾದ ವರ್ಷ ನಮ್ಮ ಕಡೆಯ ಬಹಳ ಮನೆಗಳವರು ನಿಜಾಮರ ಸೀಮೆಯ ಗಡಿ ದಾಟಿ ಶಿಬಿರಗಳಿಗೆ ಹೋಗಿದ್ದರು. ಅಲ್ಲಿ ತಗಡಿನ ಮಾಡಿನ ಕೆಳಗೆ ನಾವೊಂದು ಕಡೆ, ಕಮಲನಗರದ ಒಂದು ಸಂಸಾರ ಇನ್ನೊಂದು ಕಡೆ. ಮಧ್ಯೆ ಎರಡು ಗೋಣಿತಾಟು. ಮಗಳ ಚಿಂತೆ ಅವರಿಗೆ, ಮಗನ ಚಿಂತೆ ನಮ್ಮವರಿಗೆ. ಗೋಣಿತಾಟಿನ ಎರಡೂ ಬದಿಗೆ ಕೂತು ಹಿರಿಯರು ಮಾತಾಡಿದರು, ಮೂರನೆಯ ದಿನ ಅಕ್ಷತೆ ಬಿತ್ತು. ಮದುಮಗಳ ಹೆಸರು ರುಕ್ಮಿಣಿ ಎಂದು ನನಗೆ ಗೊತ್ತಾದದ್ದು ಮಂತ್ರ ಹೇಳುವಾಗ. ಆಮೇಲೆ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳಿಕೆ ಮುಗಿಯಿತು. ಅವಳು ತವರಿಗೆ ಹೋದಳು, ನಾವು ಔರಾದಿಗೆ ಬಂದೆವು. ಅವಳನ್ನು ಮನೆ ತುಂಬಿಸಿಕೊಂಡದ್ದು ಮರುವರ್ಷ ದಸರೆಯ ಹೊತ್ತಿಗೆ.

ತುಂಬಿಸಿಕೊಂಡೆವು ಎಂದರೆ ಮೊದಲೇ ತುಂಬಿದ್ದ ಮನೆಗೆ ಇನ್ನೊಬ್ಬಳು ಬಂದಳು ಅಷ್ಟೆ. ಅವಳು ಒಳಗೆ ಹೆಂಗಸರ ಸಾಲಿನಲ್ಲಿ, ನಾನು ಹೊರಗೆ ಗಂಡಸರ ಸಾಲಿನಲ್ಲಿ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡಬಾರದು, ಮತ್ತು ಹಿರಿಯರು ಇಲ್ಲದ ಜಾಗವೇ ಆ ಮನೆಯಲ್ಲಿರಲಿಲ್ಲ. ನಾಲ್ಕು ತಿಂಗಳಲ್ಲಿ ಅವಳು ನನಗೆ ಹೇಳಿದ್ದು ಒಟ್ಟು ಎರಡು ಮಾತು. "ನೀರು" ಎಂದು ಒಂದು ಸಲ ತಂಬಿಗೆ ಇಟ್ಟಳು. "ಚೇಳು" ಎಂದು ಇನ್ನೊಂದು ಸಲ ನನ್ನ ಚಪ್ಪಲಿ ತೋರಿಸಿದಳು.

ನಾನು ಆಗ ಔರಾದಿನ ಸಾಲಿ ಮಾಸ್ತರ. ಅಲ್ಲಿಯವರೆಗೆ ಉರ್ದುವಿನಲ್ಲಿ ಕಲಿಸುತ್ತಿದ್ದವರು ಇನ್ನು ಮೇಲೆ ಕನ್ನಡದಲ್ಲಿ ಕಲಿಸಬೇಕೆಂದು ಹುಕುಂ ಬಂತು, ಹತ್ತು ದಿನ ಬೀದರದಲ್ಲಿ ತರಬೇತಿ ಎಂದೂ ಬಂತು. ನನಗೆ ಹಬ್ಬ. ಹತ್ತು ದಿನ ಎಂದರೆ ಮೂರು ಸಲ ಧರ್ಮಶಾಲೆ, ನಡುನಡುವೆ ಭಾಲ್ಕಿಯ ಅಕ್ಕನ ಮನೆಗೆ ಒಂದು ಸುತ್ತು ಎಂದು ಯೋಜನೆ ಹಾಕಿದೆ. ಮಾರನೆಯ ದಿನವೇ ರುಕ್ಮಿಣಿಗೆ ಹಲ್ಲು ನೋವು ಎದ್ದಿತು. ಎಂಥ ನೋವು! ಗಲ್ಲ ಹಿಡಿದು ಕೂತಳು. ಲವಂಗ ಇಟ್ಟರು, ಹೊಗೆ ಕೊಟ್ಟರು, ದೃಷ್ಟಿ ತೆಗೆದರು. ಕೊನೆಗೆ ಅವ್ವನೇ, "ಹ್ಯಾಂಗೂ ಬೀದರಕ್ಕ ಹೊಂಟೀದಿ, ದವಾಖಾನಿಗಿ ತೋರಿಸ್ಕೊಂಡ ಬಾ" ಎಂದಳು.

ಹೊರಡುವ ಹಿಂದಿನ ದಿನ ನಾನು ಹಟ್ಟಿಯಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದೆ. ರುಕ್ಮಿಣಿ ಬುಟ್ಟಿ ಹಿಡಿದು ಬಂದಳು. ಅತ್ತಿತ್ತ ನೋಡಿ ಒಂದೇ ಉಸಿರಿಗೆ ಹೇಳಿದಳು:

"ನನ್ನ ಹಲ್ಲ ನೋಯಂಗಿಲ್ಲರಿ. ನಿಮಗೊಂದ್ ಮಾತ್ ಹೇಳೂದದ. ಯಾರೂ ಇರಬಾರ್ದು. ಧರ್ಮಶಾಲಿ ಬ್ಯಾಡ."

ನಾನು ಬಾಯಿ ತೆಗೆಯುವುದರೊಳಗೆ ಅವ್ವ ಹಿತ್ತಲ ಬಾಗಿಲಿಗೆ ಬಂದಳು. ರುಕ್ಮಿಣಿ ಗಲ್ಲ ಹಿಡಿದು "ಅಯ್ಯಯ್ಯೋ" ಎನ್ನುತ್ತ ಒಳಗೆ ಹೋದಳು.

ಸೊಪ್ಪು ಕೈಯಲ್ಲಿ ಹಾಗೇ ಉಳಿಯಿತು, ಎಳೆದು ತಿಂದದ್ದು ಕುರಿ. ಸುಳ್ಳು ಹಲ್ಲುನೋವು ತಂದುಕೊಂಡು, ನಲವತ್ತು ಮೈಲಿ ಸುತ್ತಿ ಹೋಗಿ ಹೇಳುವಂಥ ಮಾತು ಯಾವುದು? ನನ್ನ ತಲೆಗೆ ಒಂದೇ ಹೊಳೆಯಿತು. ಇವಳು ಕಮಲನಗರಕ್ಕೆ ವಾಪಸ್ ಹೋಗುತ್ತೇನೆ ಎನ್ನುತ್ತಾಳೆ. ಹೋಗಲಾರದೆ ಏನು ಮಾಡಿಯಾಳು, ನನ್ನಲ್ಲಿ ಅಂಥದ್ದೇನಿತ್ತು? ಮೊಣಕೈ ಹರಿದ ಕೋಟು, ದೊಡ್ಡ ಕಿವಿ, ಇಪ್ಪತ್ತಾರು ಮಂದಿ. ನನಗೆ ಭಯವಾಯಿತು. ಅಷ್ಟರಲ್ಲಾಗಲೇ ಅವಳು ನನಗೆ ಬೇಕಾಗಿದ್ದಳು ಎನ್ನುವುದು ತಿಳಿದದ್ದೇ ಆ ಭಯದಿಂದ.

ಆಯಿತು, ಧರ್ಮಶಾಲೆ ಬೇಡ. ಪರಿಚಯದ ಒಬ್ಬ ಮಾಸ್ತರರು ಮೊದಲೇ ಬೀದರದ ಹಳೆಯ ಓಣಿಯೊಂದರಲ್ಲಿ ಖೋಲಿ ಖಾಲಿ ಇದೆ ಎಂದಿದ್ದರು. ಅವರಿಗೆ ಹೇಳಿಕಳಿಸಿದೆ. ಮಾರನೆಯ ದಿನ ಮಾರುತಿ ಎಂಬವನ ಎತ್ತಿನ ಗಾಡಿಯಲ್ಲಿ ಭಾಲ್ಕಿಗೆ ಹೊರಟೆವು. ಅಕ್ಕನಿಗೆ ಅವ್ವ ಕೊಟ್ಟ ಕೌದಿ ಮುಟ್ಟಿಸಿ, ಅಲ್ಲಿಂದ ರೈಲು ಹಿಡಿಯುವುದೆಂದು.

ನಾನು ಕೆಟ್ಟದ್ದು ಈ ದಾರಿಯಲ್ಲೇ ನೋಡಿ.

ನಮ್ಮ ಕಡೆ ಒಬ್ಬರನ್ನು ಬೀಳ್ಕೊಡುವಾಗ ಸುಮ್ಮನೆ "ಹೋಗಿ ಬರ್ತೇನಿ" ಎಂದರೆ ಮುಗಿಯುವುದಿಲ್ಲ. "ನಮ್ಮ ಕಡಿ ಬಂದ್ರ ನಮ್ಮಲ್ಲೇ ಇಳೀರಿ" ಎನ್ನಬೇಕು. ಅನ್ನದಿದ್ದರೆ, ಮಾಸ್ತರನಿಗೆ ಸೊಕ್ಕು ಬಂದಿದೆ ಎನ್ನುತ್ತಾರೆ. ಎದುರಿನವರು "ಅಗದಿ ಬರ್ತೇವ್ರಿ" ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಔರಾದಿಗೆ ಯಾರು ಯಾಕೆ ಬರುತ್ತಾರೆ? ಹುಟ್ಟಿದಂದಿನಿಂದ ನಾನು ಸಾವಿರ ಮಂದಿಗೆ ಈ ಮಾತು ಹೇಳಿದ್ದೆ, ಒಬ್ಬರೂ ಬಂದಿರಲಿಲ್ಲ. ಆದರೆ ಈಗ, ಜನ್ಮದಲ್ಲಿ ಮೊದಲ ಸಲ, ನನಗೆ ಬೀದರದಲ್ಲಿ ಒಂದು ಮನೆ! ಬಾಯಿ ನಿಲ್ಲುತ್ತದೆಯೇ? ಮಾರುತಿಗೆ ಹೇಳಿದೆ. ಭಾಲ್ಕಿಯಲ್ಲಿ ಅಕ್ಕನ ಅತ್ತೆಗೆ ಹೇಳಿದೆ. ಅಲ್ಲಿಗೆ ಯಾವುದೋ ಸೀಮಂತಕ್ಕೆ ಬಂದಿದ್ದ ಚಿಂತಾಕಿಯ ನಮ್ಮ ಕಾಕುಗೆ, ಎಂದರೆ ಅಪ್ಪನ ಚಿಕ್ಕಪ್ಪನ ಮಗನ ಹೆಂಡತಿಗೆ, ಓಣಿಯ ಗುರುತನ್ನೂ ಹೇಳಿದೆ. ರೈಲಿನಲ್ಲಿ ಎದುರು ಕೂತ ಸಂಸಾರಕ್ಕೆ, ಅವರ ಹೆಸರೂ ಗೊತ್ತಿಲ್ಲದೆ, ಹೇಳಿದೆ. ಪ್ರತಿ ಸಲವೂ ರುಕ್ಮಿಣಿ ಸೆರಗಿನೊಳಗಿಂದ ನನ್ನತ್ತ ನೋಡುತ್ತಿದ್ದಳು. ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ.

ಮನೆಯ ಯಜಮಾನರು ಖಾದರ್ ಸಾಹೇಬರು. ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಮನೆಯಲ್ಲಿ ಕೂತವರು, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಶೇರವಾನಿ. ಆ ವರ್ಷ ಆ ಓಣಿಯಲ್ಲಿ ಬಹಳ ಬಾಗಿಲುಗಳಿಗೆ ಹೊರಗಿಂದ ಕೀಲಿ ಬಿದ್ದಿತ್ತು. ಅವರ ತಮ್ಮನ ಸಂಸಾರವೂ ಪೊಲೀಸ್ ಆಕ್ಷನ್ ಹೊತ್ತಿನ ಗಾಬರಿಯಲ್ಲಿ ಊರು ಬಿಟ್ಟು ಹೋಗಿ ತಿರುಗಿ ಬಂದಿರಲಿಲ್ಲ. ತಮ್ಮನ ಖೋಲಿಯನ್ನೇ ನಮಗೆ ಕೊಟ್ಟದ್ದು. ಈ ಕೀಲಿಕೈಯನ್ನು ಎರಡೂ ಕೈಯಿಂದ ಹಿಡಿದು ಕೊಟ್ಟರು. "ಮಾಸ್ತರ್ ಸಾಬ್, ಮನಿ ಅಗದಿ ಸುಮ್ಮ ಆಗ್ಯಾದ. ನಾ ಕೆಮ್ಮಿದ್ರ ನನಗೇ ಅಂಜಿಕಿ ಬರ್ತದ" ಎಂದರು. ಅವರು ಅಂದದ್ದು ಕೇಳಿ ನನಗೆ ಕೆಟ್ಟದೆನಿಸಿತು. ಆ ಸಂಕಟದಲ್ಲೇ, "ನೀವೂ ಬರ್ರಿ ಸಾಹೇಬರ, ನಮ್ಮ ಜೋಡಿ ಚಹಾ ಕುಡೀರಿ" ಎಂದುಬಿಟ್ಟೆ.

ಬಂದರು. ಆ ಸಂಜೆ ಚಹಾಕ್ಕೆ ಬಂದವರು ಊಟ ಮಾಡಿ ಎದ್ದರು. ಮಾರನೆಯ ಬೆಳಿಗ್ಗೆ ಚಹಾಕ್ಕೆ ತಾವೇ ಹಾಲು ತಂದರು.

ಅವರು ಹಾಲಿನ ಪಾತ್ರೆ ಒಯ್ಯಲು ಎದ್ದ ಮರುಕ್ಷಣ ರುಕ್ಮಿಣಿ ಬಾಗಿಲು ಮುಂದೆ ಮಾಡಿ, "ಏನ್ರಿ, ನಾ ಏನ್ ಹೇಳಬೇಕಂದ್ರ..." ಎಂದಳು. ಬಾಗಿಲು ಬಡಿದ ಶಬ್ದ. ತೆಗೆದರೆ ಮಾರುತಿ, ಹಿಂದೆ ಒಂದು ಟಗರು.

"ಬಾಜಾರಕ್ಕ ಟಗರ ತಂದೇನಿ ಮಾಸ್ತರ. ಗಿರಾಕಿ ಸಿಗೂತನ ಇಲ್ಲೇ ಇರ್ತೇನಿ. ನೀವೇ ನಮ್ಮಲ್ಲೇ ಇಳೀ ಅಂದಿದ್ರಲ್ಲ!"

ಅಂದಿದ್ದೆ. ಟಗರಿಗೆ ಅಂದಿರಲಿಲ್ಲ.

ಅವತ್ತು ತರಬೇತಿಯ ಮೊದಲ ದಿನ. ಇಷ್ಟು ವರ್ಷ ಉರ್ದು ಬರೆದ ಕೈ, ಹಲಗೆಯ ಬಲಗಡೆಯ ಅಂಚಿನಿಂದಲೇ 'ಅ' ಶುರು ಮಾಡಿತು. ಎಡಕ್ಕೆ ಬರುವಷ್ಟರಲ್ಲಿ ವರ್ಣಮಾಲೆ ತಲೆಕೆಳಗು. ಕಲಿಸುವವರು ನನ್ನ ಕೈ ಹಿಡಿದು ತಿದ್ದಿಸಿದರು, ನಾನು ತಿದ್ದುತ್ತ ಇವಳ ಮಾತು ಯಾವುದಿರಬಹುದೆಂದು ಯೋಚಿಸಿದೆ. ಸಂಜೆ ಮನೆಗೆ ಬಂದರೆ ಅಕ್ಕನ ಅತ್ತೆ ಇಬ್ಬರು ಮೊಮ್ಮಕ್ಕಳನ್ನು ಕಟ್ಟಿಕೊಂಡು ನಾನು ಕೊಟ್ಟು ಬಂದ ಕೌದಿಯನ್ನೇ ಹಾಸಿ ಕೂತಿದ್ದರು. "ಹಲ್ಲ ಹ್ಯಾಂಗದಂತ ನೋಡಿ ಹೋಗಮಿ ಅಂತ ಬಂದೇವಿ" ಎಂದರು. ಮಾರನೆಯ ದಿನ ರೈಲಿನ ಸಂಸಾರ, ಐದು ಮಂದಿ. ಅವರಿಗೆ ಕಚೇರಿಯಲ್ಲಿ ಕೆಲಸವಿತ್ತಂತೆ. ಮೂರನೆಯ ದಿನ ಚಿಂತಾಕಿಯ ಕಾಕು ಬಂದಳು. ಒಬ್ಬಳೇ ಬರಲಿಲ್ಲ, ನೆರೆಯ ಇಬ್ಬರು ಹೆಂಗಸರನ್ನು ಕೋಟೆ ತೋರಿಸಲೆಂದು ಕರೆತಂದಳು. ನಾನು ಎಣಿಸಿದಾಗ, ನಾವಿಬ್ಬರನ್ನು ಬಿಟ್ಟು, ಖಾದರ್ ಸಾಹೇಬರು ಸೇರಿ ಹದಿಮೂರು ಮಂದಿ ಮತ್ತು ಒಂದು ಟಗರು.

ಎಲ್ಲರೂ ಒಳ್ಳೆಯವರೇ. ಬುತ್ತಿ ತಂದಿದ್ದರು, ಕೆಲಸಕ್ಕೆ ಕೈ ಹಚ್ಚುತ್ತಿದ್ದರು. ಸಾಹೇಬರ ಸಂಭ್ರಮವಂತೂ ಹೇಳತೀರದು. ಒಳಗಿಂದ ಚಾಪೆ ತಂದರು, ಜಮಖಾನೆ ತಂದರು, ಯಾವುದೋ ಮದುವೆಯ ದೊಡ್ಡ ತಪ್ಪೇಲಿ ತಂದರು. ಓಣಿಯ ಬಾಯಿಗೆ ನಿಂತು, ದಾರಿ ತಪ್ಪಿದಂತೆ ಕಾಣುವವರನ್ನೆಲ್ಲ "ಮಾಸ್ತರ್ ಸಾಬರ ಮನೀಗೇನ್ರಿ?" ಎಂದು ಕೇಳಿ ಕರೆತರುತ್ತಿದ್ದರು. ಒಬ್ಬನನ್ನು ಹಾಗೆ ಕರೆತಂದು ಊಟಕ್ಕೆ ಕೂಡಿಸಿದ ಮೇಲೆ ಗೊತ್ತಾಯಿತು, ಅವನು ಬೇರೆ ಓಣಿಗೆ ಕಲಾಯಿ ಹಾಕಲು ಹೋಗುತ್ತಿದ್ದವನೆಂದು. ಉಂಡು, ನಮ್ಮ ಎರಡು ಪಾತ್ರೆಗೆ ಕಲಾಯಿ ಹಾಕಿ ಹೋದ.

ನಾನು? ಖರೆ ಹೇಳಲೇ? ಒಳಗೊಳಗೆ ಖುಷಿಯಾಗುತ್ತಿತ್ತು. ಬೀದರದಲ್ಲಿ ಜಮಖಾನೆಯ ಮೇಲೆ ಕೂತು, ಹದಿಮೂರು ಮಂದಿಗೆ ಯಜಮಾನನಾಗಿ, "ಇನ್ನೊಂದು ರೊಟ್ಟಿ ಹಾಕ್ಕೋರಿ" ಎನ್ನುವ ಸುಖ ನನ್ನಂಥ ಹರಟೆಮಲ್ಲನಿಗೆ ಎಲ್ಲಿ ಸಿಗಬೇಕು? ಆದರೆ ರೊಟ್ಟಿ ಬಡಿಯುತ್ತಿದ್ದ ರುಕ್ಮಿಣಿಯ ಬೆನ್ನು ಕಂಡಾಗ ಕೈಯಲ್ಲಿದ್ದ ರೊಟ್ಟಿಯನ್ನು ತಾಟಿಗೆ ಇಟ್ಟುಬಿಡುತ್ತಿದ್ದೆ.

ನಾಲ್ಕನೆಯ ದಿನ ಅವಳು ಬುತ್ತಿಯ ನೆಪದಲ್ಲಿ ತರಬೇತಿಯ ಜಾಗಕ್ಕೇ ಬಂದಳು. ಬಾಗಿಲಲ್ಲಿ ನಿಂತವಳನ್ನು ನೋಡಿ ಕಲಿಸುವವರು, "ತಡಾ ಆಯ್ತಲ್ಲ ಬಾಯಿಯವರ, ಕೂಡ್ರಿ" ಎಂದು ಮುಂದಿನ ಬಾಕಿನ ಮೇಲೆ ಕೂಡಿಸಿ ಕೈಗೆ ಹಲಗೆ ಕೊಟ್ಟರು. ಅವಳು ತವರಿನಲ್ಲಿ ಮರಾಠಿ ನಾಲ್ಕನೆಯ ಇಯತ್ತೆವರೆಗೆ ಓದಿದವಳು, ಎಡದಿಂದ ಬಲಕ್ಕೆ ಬರೆಯುವ ಕೈ. ಒಂದು ತಾಸಿನಲ್ಲಿ ನನಗಿಂತ ಚೆಂದ ಬರೆದಳು. ಹೊರಗೆ ಬಂದಾಗ, ನಾನು ಜಾಣತನ ತೋರಿಸಿ, "ಆ ಮಾತು ಹಲಗಿ ಮ್ಯಾಲ ಬರದು ತೋರಸು. ಮರಾಠಿ ನನಗೂ ಬರ್ತದ" ಎಂದೆ.

"ಅದು ಬರದು ತೋರಸೂ ಮಾತಲ್ಲರಿ" ಎಂದಳು. ಕಣ್ಣಲ್ಲಿ ನೀರಿತ್ತು. "ನಿಮಗ ಕೇಳೂ ಮನಸ್ಸದೋ ಇಲ್ಲೋ?"

"ಅದ" ಎಂದೆ. ಅಷ್ಟರಲ್ಲಿ ಜೊತೆಯ ಮಾಸ್ತರರು ಬಂದು, ಬೀದರದಲ್ಲಿ ಎಲ್ಲಿ ಇಳಿದಿದ್ದೀರೆಂದು ಕೇಳಿದರು. ನನ್ನ ಬಾಯಿ ತಾನೇ ತೆರೆಯಿತು. ರುಕ್ಮಿಣಿ ನನ್ನ ಕಾಲಿನ ಮೇಲೆ ಕಾಲಿಟ್ಟಳು. ಮುಚ್ಚಿತು.

ಏಳನೆಯ ದಿನ ತರಬೇತಿಗೆ ರಜೆ. ಬೆಳಿಗ್ಗೆ ಎದ್ದಾಗ ಜಮಖಾನೆಯ ಮೇಲೆ ಪಂಚಾಯಿತಿ ಸೇರಿತ್ತು. ಅಧ್ಯಕ್ಷತೆ ಕಾಕುವಿನದು. ಬಂದು ವಾರವಾದರೂ ಹಲ್ಲಿಗೆ ಒಂದು ಗತಿ ಕಾಣಿಸಿಲ್ಲವಲ್ಲ, ಮಾಸ್ತರನಿಗೆ ಹೆಂಡತಿಯ ಮೇಲೆ ಎಳ್ಳಷ್ಟೂ ಕಾಳಜಿ ಇಲ್ಲ ಎಂಬುದು ತೀರ್ಮಾನ. ರುಕ್ಮಿಣಿ ನೋವು ಕಡಿಮೆಯಾಗಿದೆ ಎಂದಳು. "ಹುಚ್ಚಿ, ಕಡಿಮಿ ಆದ ಹಲ್ಲೇ ಮುಂದ ಜೀಂವಾ ತಿಂತದ" ಎಂದಳು ಕಾಕು. ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಹಲ್ಲು ಕೀಳುವವನೊಬ್ಬ ಕೂಡುತ್ತಾನೆ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕಿತ್ತು ಕೈಗೆ ಕೊಡುತ್ತಾನೆ ಎಂದರು ಸಾಹೇಬರು.

ಮೆರವಣಿಗೆ ಹೊರಟಿತು. ಮುಂದೆ ಕಾಕು, ಅವಳ ಕೈಯಲ್ಲಿ ರುಕ್ಮಿಣಿಯ ಕೈ. ಹಿಂದೆ ಹೆಂಗಸರು, ಮಕ್ಕಳು, ರೈಲಿನ ಸಂಸಾರ, ಛತ್ರಿ ಹಿಡಿದ ಸಾಹೇಬರು. ಮನೆಯಲ್ಲಿ ಬಿಟ್ಟರೆ ಹಗ್ಗ ಕಡಿಯುತ್ತದೆಂದು ಟಗರನ್ನೂ ಹಿಡಿದು ಮಾರುತಿ. ಮನೆಯಲ್ಲಿ ಓಣಿಯ ಹುಡುಗರನ್ನು ಕಾವಲು ಕೂಡಿಸಿ, ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಎಲ್ಲರಿಗಿಂತ ಹಿಂದೆ ನಾನು. ಹೋಗಿ ನೋಡುತ್ತೇನೆ, ಹಲ್ಲಿನವನು ಕೆಂಪು ಅರಿವೆ ಹಾಸಿ, ತಾನು ಅದುವರೆಗೆ ಕಿತ್ತ ಹಲ್ಲುಗಳನ್ನೆಲ್ಲ ಅದರ ಮೇಲೆ ರಾಶಿ ಹಾಕಿಕೊಂಡು ಕೂತಿದ್ದ. ರುಕ್ಮಿಣಿ ಆ ರಾಶಿ ನೋಡಿದಳು, ಇಕ್ಕಳ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. "ಯಾವ ಹಲ್ಲು ತಾಯಿ?" ಎಂದ ಅವನು. ಯಾವುದೆಂದು ಹೇಳಿಯಾಳು, ಮೂವತ್ತೆರಡೂ ಗಟ್ಟಿ! ಕಾಕುವೇ ಮುಂದೆ ಬಂದು, "ಎಡಗಡೀದು" ಎಂದಳು. ಅಕ್ಕನ ಅತ್ತೆ, "ಇಲ್ಲ, ಬಲಗಡೀದು, ಬಲಗಲ್ಲಾನೇ ಹಿಡೀತಿದ್ಲು" ಎಂದರು. ವಾದ ಬೆಳೆಯಿತು. ಎರಡೂ ಕಡೆ ಒಂದೊಂದು ತೆಗೆದುಬಿಟ್ಟರೆ ಯಾವುದಕ್ಕೂ ಛಲೋ ಎಂದು ರೈಲಿನ ಸಂಸಾರದ ಯಜಮಾನರು ಮಧ್ಯಸ್ಥಿಕೆ ವಹಿಸಿದರು.

ಅದೇ ಹೊತ್ತಿಗೆ ಔರಾದಿನವರೊಬ್ಬರು ಗಂಟು ಹೊತ್ತು ಎದುರಿಗೆ ಬಂದರು. ಕಾಕುವಿಗೆ ಪರಿಚಯ. ಹಲ್ಲು ಅಲ್ಲಿಗೇ ಬಿಟ್ಟು ಕಾಕು ಅವರತ್ತ ತಿರುಗಿದಳು. "ಅಯ್ಯ, ನೀವು ಎಲ್ಲಿಳದೀರಿ? ಬೀದರದಾಗ ನಮ್ಮ ಮನಿ ಅದಲ್ಲ, ನಮ್ಮಲ್ಲೇ ಇಳೀರಿ!"

"ಹೌದ್ರಿ, ಬರ್ರಿ ಬರ್ರಿ" ಎಂದರು ಉಳಿದ ಹನ್ನೆರಡು ಮಂದಿ. ಅವರ ಗಂಟು ಇಳಿಸಿಕೊಳ್ಳಲು ನಾನು ನೀನು ಎಂದು ಮುಗಿಬಿದ್ದರು. ಕಾಕುವಿನ ಕೈ ರುಕ್ಮಿಣಿಯ ಕೈ ಬಿಟ್ಟದ್ದು ಆ ಕ್ಷಣ.

ನಾನು ಆ ಕೈ ಹಿಡಿದೆ. ಹೆಂಡತಿಯ ಕೈಯನ್ನು ನಡುಬೀದಿಯಲ್ಲಿ ಹಿಡಿದು ಓಡಿದ ಮಾಸ್ತರ ಆ ಕಾಲದ ಬೀದರದಲ್ಲಿ ನಾನೊಬ್ಬನೇ ಇರಬೇಕು. ಮೂಲೆಯಲ್ಲಿ ನಿಂತಿದ್ದ ಟಾಂಗಾ ಹತ್ತಿ, "ಸ್ಟೇಷನ್ ಧರ್ಮಶಾಲಿ!" ಎಂದೆ.

ಕಾವಲಿನ ಮುದುಕ ಯಾವೂರು ಎಂದು ಕೇಳಿದ. ಔರಾದು ಎಂದರೆ ಯಾರ ಅತ್ತೆಯ ತಂಗಿ ಎದ್ದು ಬರುತ್ತಾಳೋ ಎಂದು ಹೆದರಿ, "ರಾಯಚೂರು" ಎಂದುಬಿಟ್ಟೆ. ಊರಿನ ಹೆಸರು ಸುಳ್ಳು ಹೇಳಿದ್ದು ಜನ್ಮದಲ್ಲಿ ಅದೊಂದೇ ಸಲ. ಮೂಲೆಯ ಅಂಕಣ ಸಿಕ್ಕಿತು. ಮಧ್ಯಾಹ್ನದ ಬಿಸಿಲು, ಉಂಡ ಮಂದಿ ಸಾಲಾಗಿ ಧೋತರ, ಸೆರಗು ಮುಖದ ಮೇಲೆ ಎಳೆದುಕೊಂಡು ಮಲಗಿದ್ದರು. ಯಾರಿಗೂ ನಾವು ಯಾರೆಂದು ಗೊತ್ತಿಲ್ಲ. ಯಾರಿಗೂ ನಮ್ಮ ಹಲ್ಲಿನ ಚಿಂತೆಯಿಲ್ಲ. ಬೇರೆ ಮನೆ ಹಿಡಿದರೂ ಸಿಗದ ಏಕಾಂತ ಇಪ್ಪತ್ತು ಮಂದಿಯ ನಡುವೆ ಸಿಕ್ಕಿತಲ್ಲ ಎಂದು ನನಗೆ ನಗು ಬಂತು. ರುಕ್ಮಿಣಿ ನಗಲಿಲ್ಲ. ಕಂಬಕ್ಕೆ ಒರಗಿ ಕೂತಳು. ನಾನು ಎದುರಿನ ಕಂಬಕ್ಕೆ ಒರಗಿದೆ.

"ಹೇಳು" ಎಂದೆ.

"ನಾ ಒಲ್ಲೆ ಅಂದಿದ್ದೆರಿ."

"ಯಾವುದಕ್ಕ?"

"ಲಗ್ನಕ್ಕ. ಶಿಬಿರದಾಗ ನಾ ಜ್ವಾಳಾ ಹಸನ ಮಾಡ್ಲಿಕತ್ತಿದ್ದೆ. ನಾಡದಾ ನಿನ್ನ ಲಗ್ನ ಅಂದ್ಲು ನಮ್ಮವ್ವ. ನಾ ಒಲ್ಲೆ ಅಂದೆ. ಅಕಿಗಿ ಕೇಳಸ್ತು. ಕೇಳಿಸ್ಲಿಲ್ಲ ಅನ್ನೂ ಹಂಗ ಎದ್ದು ಹೋದ್ಲು. ಮತ್ತ ಯಾರೂ ಕೇಳ್ಲಿಲ್ಲ. ನೀವೂ ಕೇಳ್ಲಿಲ್ಲ. ಇದನ್ನ ಹೊಟ್ಯಾಗ ಇಟ್ಕೊಂಡು ನಿಮಗ ರೊಟ್ಟಿ ಬಡದು ಹಾಕೂದು ನನಗ ಆಗವಲ್ದು. ಖರೆ ಏನದ, ಅದು ನಿಮಗ ಗೊತ್ತಿರಬೇಕು."

ನನ್ನ ದೊಡ್ಡ ಕಿವಿಗಳು ಬಿಸಿಯಾದವು. ನನ್ನನ್ನೂ ಯಾರೂ ಕೇಳಿರಲಿಲ್ಲ, ನಿಜ. ಆದರೆ ಕೇಳಿದ್ದರೆ ನಾನು ಹೂಂ ಎನ್ನುತ್ತಿದ್ದೆ. ಒಲ್ಲೆ ಎಂದವಳೊಬ್ಬಳನ್ನು ಕರೆತಂದು, ವಾರವಿಡೀ ಊರ ಮಂದಿಗೆ ಅಟ್ಟು ಹಾಕಿಸಿದೆನಲ್ಲ ಎಂದು ನಾಚಿಕೆಯಾಯಿತು, ದುಃಖವೂ ಆಯಿತು.

"ಕಮಲನಗರಕ್ಕ ಕಳಸ್ಲೇನು?" ಎಂದೆ.

"ಕಳಸ್ರಿ ಅಂತ ಎಲ್ಲಿ ಅಂದೆ? ಯಾರೂ ಕೇಳ್ಲಿಲ್ಲ ಅಂದೆ." ಅವಳು ತಲೆ ಎತ್ತಿ ನನ್ನನ್ನು ನೇರವಾಗಿ ನೋಡಿದಳು. "ಈಗರೆ ಕೇಳ್ರಿ."

ಕೇಳುವುದು ಹೇಗೆ? ಯಾರೂ ಕಲಿಸಿರಲಿಲ್ಲ. ಅಧಿಕಾರಿಯ ಮುಂದೆ ಅರ್ಜಿ ಹಿಡಿದು ನಿಂತವರಂತೆ ಎದ್ದು ನಿಂತೆ. "ನಾ ಔರಾದಿನ ಸಾಲಿ ಮಾಸ್ತರ. ಮನ್ಯಾಗ ಮಂದಿ ಭಾಳ. ಸಿಟ್ಟು ಕಡಿಮಿ, ಮಾತು ಜಾಸ್ತಿ. ಕನ್ನಡ ಇನ್ನೂ ಸೊಟ್ಟಾ ಬರೀತೇನಿ. ರುಕ್ಮಿಣಿ, ನನ್ನ ಜೋಡಿ ಇರ್ತಿ ಏನು?"

ಅವಳು ಸೆರಗಿನ ತುದಿ ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೂಂ ಅನ್ನವ್ವ ತಂಗಿ" ಎಂದಿತು ಪಕ್ಕದ ಅಂಕಣದ ಸೆರಗಿನೊಳಗಿಂದ ಒಂದು ಮುದಿ ಧ್ವನಿ. "ಪಾಪ, ನಿಂತೇ ಅದಾನ."

ಆಚೆಯ ಕಂಬದ ಧೋತರದೊಳಗಿಂದ ಇನ್ನೊಬ್ಬರು, "ಹೂಂ ಅಂತಾಳ, ಅಂತಾಳ. ಮಾಸ್ತರನ ನೌಕರಿ ಛಲೋ ಅದ" ಎಂದರು. ಮತ್ತೊಬ್ಬರು, ಮನೆಯಲ್ಲಿ ಮಂದಿ ಭಾಳ ಎಂದರೆ ಎಷ್ಟೆಂದು ಮೊದಲು ಕೇಳಬೇಕೆಂದರು. ಸಾಲಿಗೆ ಸಾಲೇ ಎಚ್ಚರವಾಗಿತ್ತು. ಇಪ್ಪತ್ತು ಮಂದಿ ಉಸಿರು ಬಿಗಿಹಿಡಿದು ಮಲಗಿದಂತೆ ನಟಿಸಿ ನನ್ನ ಸಂಸಾರದ ಗುಟ್ಟೆಲ್ಲ ಕೇಳಿಸಿಕೊಂಡಿದ್ದರು. ನನಗೆ ಭೂಮಿಯೊಳಗೆ ಇಳಿಯುವಂತಾಯಿತು.

ಆಗ ಬಾಗಿಲ ಹತ್ತಿರದಿಂದ ಕಾವಲಿನ ಮುದುಕ ಗದರಿದ. "ಏ, ಎಲ್ಲಾರೂ ಬಾಯಿ ಮುಚ್ಚರಿ! ಅಕಿಗಿ ಕೇಳ್ಯಾನ, ಅಕಿ ಹೇಳ್ತಾಳ. ಈ ಸಲಾನೂ ನೀವೇ ಹೇಳ್ತೀರೇನು?"

ಒಬ್ಬೊಬ್ಬರಾಗಿ ಸೆರಗು, ಧೋತರ ಸರಿಸಿ ಎದ್ದು ಕೂತರು. ಎತ್ತಿಕೊಂಡಿದ್ದ ಮಗುವಿನ ಬಾಯನ್ನು ತಾಯಿಯೊಬ್ಬಳು ಕೈಯಿಂದ ಮುಚ್ಚಿದಳು. ಅಷ್ಟು ಮಂದಿ ಅಷ್ಟು ಸುಮ್ಮನೆ ಕೂತದ್ದನ್ನು ನಾನು ಮುಂದೆ ಎಲ್ಲಿಯೂ ನೋಡಲಿಲ್ಲ.

ರುಕ್ಮಿಣಿ ನಾಚಿ ಕಂಬದ ಹಿಂದೆ ಸರಿಯುತ್ತಾಳೆ ಎಂದುಕೊಂಡೆ. ಅವಳು ಎದ್ದು ನಿಂತಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ನನ್ನ ಕಡೆಗಲ್ಲ, ಅವರೆಲ್ಲರ ಕಡೆಗೆ ತಿರುಗಿದಳು.

"ಆವಾಗ ಒಬ್ಬರ ಮುಂದ ಹೇಳಿದ್ದೆ, ಕೇಳಿಸ್ಲಿಲ್ಲ ಅಂದ್ರು" ಎಂದಳು, ಅಂಗಳದ ಆಚೆ ತುದಿಗೂ ಮುಟ್ಟುವ ಧ್ವನಿಯಲ್ಲಿ. "ಈಗ ಎಲ್ಲಾರೂ ಕೇಳ್ರಿ. ಇರ್ತೇನಿ."